ಮಿದುಳಿನ ಪಾಠ ಅಜ್ಜಿಯ ಮಂಚದವರೆಗೂ ಬರಲಿ: ವೈದ್ಯಕೀಯ, ನರ್ಸಿಂಗ್ ಅಧ್ಯಾಪಕರಿಗೊಂದು ಬಹಿರಂಗ ಪತ್ರ

ರಾಜ್ಯದ ವೈದ್ಯಕೀಯ, ನರ್ಸಿಂಗ್, ಫಿಸಿಯೋಥೆರಪಿ ಕಾಲೇಜುಗಳಲ್ಲಿ ಪಾಠ ಹೇಳುತ್ತಿರುವ ಬಂಧುಗಳಿಗೆ,



ಬಹುಕಾಲ ಮೊದಲ ವರ್ಷದ ಮಕ್ಕಳಿಗೆ ಫಿಸಿಯಾಲಜಿ ಹೇಳಿಕೊಟ್ಟವಳು ನಾನು. ನಿವೃತ್ತಿಯ ನಂತರ ಮರೆವಿನ ಕಾಯಿಲೆ ಇರುವವರ ಮನೆಗಳಿಗೆ ಹೋಗಿ, ಅವರನ್ನು ನೋಡಿಕೊಳ್ಳುವ ಹೆಂಡತಿಗೋ ಮಗಳಿಗೋ ಸೊಸೆಗೋ ಕಾಯಿಲೆಯ ಸ್ವಭಾವ ತಿಳಿಸಿ ಹೇಳುವ ಕೆಲಸ ಹಚ್ಚಿಕೊಂಡಿದ್ದೇನೆ. ಈ ಎರಡು ಕೆಲಸಗಳ ನಡುವೆ ಇರಬೇಕಾದ ದಾರಿ ನಮ್ಮ ಕಾಲೇಜುಗಳಲ್ಲಿ ಇನ್ನೂ ಸರಿಯಾಗಿ ಬಿದ್ದಿಲ್ಲ. ಮಿದುಳಿನ ಪಾಠ ಮೊದಲ ವರ್ಷಕ್ಕೇ ಮುಗಿಯುತ್ತದೆ. ಡಿಮೆನ್ಷಿಯ ಕೊನೆಯ ವರ್ಷಗಳ ಮೆಡಿಸಿನ್ ಅಥವಾ ಸೈಕಿಯಾಟ್ರಿ ತರಗತಿಯಲ್ಲಿ ಅವಸರದಲ್ಲಿ ಬಂದು ಹೋಗುತ್ತದೆ. ಆರೈಕೆ ಎಂಬುದನ್ನು ನರ್ಸಿಂಗಿನವರ ಪಾಲಿಗೆ ಬಿಟ್ಟುಬಿಟ್ಟಿದ್ದೇವೆ. ಈ ಮೂರನ್ನೂ ಒಂದೇ ಪಾಠವಾಗಿ ಕಲಿಸಿ ಎಂದು ಕೇಳಿಕೊಳ್ಳುವುದಕ್ಕೆ ಈ ಪತ್ರ.

ನಮ್ಮ ದೇಶದಲ್ಲಿ 60 ವರ್ಷ ದಾಟಿದವರಲ್ಲಿ ಶೇಕಡಾ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯ ಇದೆಯೆಂದು 2023ರಲ್ಲಿ ಪ್ರಕಟವಾದ ಲಾಸಿ-ಡ್ಯಾಡ್ ಅಧ್ಯಯನ ಅಂದಾಜು ಮಾಡಿದೆ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಪ್ರಮಾಣ ಹೆಚ್ಚು ಎಂದೂ ಅದು ಕಂಡುಕೊಂಡಿದೆ. ಇವರಲ್ಲಿ ಬಹುಪಾಲು ಜನ ನರರೋಗ ತಜ್ಞರ ಮುಖವನ್ನೇ ಕಾಣುವುದಿಲ್ಲ. ಮಂಡಿನೋವಿಗೆ, ಶುಗರ್‌ಗೆ, ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದಾಗ ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ಅಲ್ಲಿ ಅವರನ್ನು ನೋಡುವವರು ನಿಮ್ಮ ಕೈಯಲ್ಲಿ ಕಲಿತ ಎಂಬಿಬಿಎಸ್ ಡಾಕ್ಟರು, ಸ್ಟಾಫ್ ನರ್ಸು, ಫಿಸಿಯೋಥೆರಪಿಸ್ಟು. "ವಯಸ್ಸಾಯ್ತಲ್ಲಮ್ಮ, ಇದೆಲ್ಲ ಇದ್ದದ್ದೇ" ಎಂಬ ಮಾತನ್ನು ಎಷ್ಟೋ ಮನೆಯವರು ಮೊದಲು ಕೇಳಿದ್ದು ಬಿಳಿ ಕೋಟು ಹಾಕಿದವರ ಬಾಯಿಂದಲೇ.

ಒಂದು ಜಿಲ್ಲಾಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಕಂಡದ್ದನ್ನು ಹೇಳುತ್ತೇನೆ. ನ್ಯುಮೋನಿಯ ಆಗಿ ಸೇರಿದ್ದ ಅಜ್ಜಿ. ರಾತ್ರಿ ಎರಡು ಸಲ ಡ್ರಿಪ್ ಕಿತ್ತುಹಾಕಿದ್ದರು. ಬೆಳಿಗ್ಗೆ ನೋಡಿದರೆ ಎರಡೂ ಮಣಿಕಟ್ಟನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟಿದ್ದರು. ಬಳೆ ಒತ್ತಿ ಚರ್ಮ ಕೆಂಪಾಗಿತ್ತು. ರೌಂಡ್ಸಿನಲ್ಲಿ ಕೇಸ್ ಹೇಳಿದ ಹುಡುಗ ಎದೆಯ ಶಬ್ದ, ಎಕ್ಸ್‌ರೇ, ರಕ್ತದ ಕೌಂಟು ಎಲ್ಲವನ್ನೂ ಅಚ್ಚುಕಟ್ಟಾಗಿ ಹೇಳಿ, ಕೊನೆಗೆ "ಪೇಷೆಂಟ್ ಕೋಆಪರೇಟ್ ಮಾಡ್ತಿಲ್ಲ ಮೇಡಂ" ಎಂದ. ನೆನಪಿನ ಸರ್ಕ್ಯೂಟ್ ಯಾವುದಪ್ಪ ಎಂದು ಕೇಳಿದೆ. ಹಿಪೊಕ್ಯಾಂಪಸ್, ಫಾರ್ನಿಕ್ಸ್, ಮ್ಯಾಮಿಲರಿ ಬಾಡಿ, ಥ್ಯಾಲಮಸ್ಸಿನ ಮುಂಭಾಗದ ನ್ಯೂಕ್ಲಿಯಸ್, ಸಿಂಗ್ಯುಲೇಟ್ ಗೈರಸ್, ಮತ್ತೆ ಹಿಪೊಕ್ಯಾಂಪಸ್ ಎಂದು ಪೇಪೆಜ್ ಸರ್ಕ್ಯೂಟನ್ನು ತಡವರಿಸದೆ ಒಪ್ಪಿಸಿದ. ಆ ಸರ್ಕ್ಯೂಟು ತನ್ನ ಎದುರಿನ ಮಂಚದಲ್ಲೇ ಕೆಟ್ಟು ಮಲಗಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹುಡುಗನ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ.

ಮಂಚದ ಕೆಳಗೆ ಚಾಪೆ ಹಾಸಿಕೊಂಡು ಕೂತಿದ್ದ ಮಗಳನ್ನು ವಿಚಾರಿಸಿದಾಗ ವಿಷಯ ತಿಳಿಯಿತು. ಅಮ್ಮನಿಗೆ ಎರಡು ವರ್ಷದಿಂದ ಮರೆವು, ಸಾರಿಗೆ ಎರಡು ಸಲ ಉಪ್ಪು ಹಾಕುವುದು, ಅದೇ ಮಾತನ್ನು ಮತ್ತೆಮತ್ತೆ ಕೇಳುವುದು. ಆದರೆ ಈ ಹಾರಾಟ, ಜ್ವರ ಬಂದ ಮೇಲೆ ಶುರುವಾದದ್ದು. ಅಂದರೆ ಡಿಮೆನ್ಷಿಯದ ಮೇಲೆ ಡೆಲಿರಿಯಂ ಏರಿ ಕೂತಿತ್ತು. ಮೊದಲನೆಯದು ವರ್ಷಗಳ ಲೆಕ್ಕದಲ್ಲಿ ಬರುತ್ತದೆ, ಎರಡನೆಯದು ಗಂಟೆಗಳ, ದಿನಗಳ ಲೆಕ್ಕದಲ್ಲಿ. ಡೆಲಿರಿಯಂನಲ್ಲಿ ಗಮನ ನಿಲ್ಲುವುದಿಲ್ಲ, ಮಂಪರು ಮತ್ತು ರೇಗಾಟ ಅದಲುಬದಲಾಗುತ್ತಿರುತ್ತವೆ. ಅದು ತುರ್ತು ಸ್ಥಿತಿ. ಮೂತ್ರದ ಸೋಂಕು, ಸೋಡಿಯಂ ಇಳಿದದ್ದು, ಆಮ್ಲಜನಕ ಸಾಲದ್ದು, ಮಲಬದ್ಧತೆ, ನೋವು, ಹೊಸದಾಗಿ ಸೇರಿಸಿದ ಮಾತ್ರೆ ಇವುಗಳನ್ನು ಒಂದೊಂದಾಗಿ ಹುಡುಕಬೇಕು. ಕನ್ನಡಕ, ಕಿವಿಯ ಮೆಷಿನ್ ಮನೆಯಲ್ಲೇ ಬಿಟ್ಟು ಬಂದಿದ್ದಾರೆಯೇ ಎಂದು ಕೇಳಬೇಕು. ಕೈ ಕಟ್ಟಿದರೆ ಡೆಲಿರಿಯಂ ಹೆಚ್ಚುತ್ತದೆಯೇ ವಿನಾ ಇಳಿಯುವುದಿಲ್ಲ. ಆ ದಿನ ಕಟ್ಟು ಬಿಚ್ಚಿಸಿ, ಮಂಚವನ್ನು ಕಿಟಕಿಯ ಕಡೆಗೆ ಸರಿಸಿ, ಮಗಳನ್ನು ಅಮ್ಮನ ಪಕ್ಕದಲ್ಲೇ ಕೂರಿಸಿದ್ದು ವಾರ್ಡಿನ ಹಿರಿಯ ಸಿಸ್ಟರು. ಅವರಿಗಿದ್ದ ಈ ತಿಳಿವಳಿಕೆ ಡಾಕ್ಟರಾಗುವ ಹುಡುಗನಿಗೂ ಅದೇ ವಾರ್ಡಿನಲ್ಲೇ ಸಿಗಬೇಕಿತ್ತು.

ಈ ಕಾಯಿಲೆಯ ಚರಿತ್ರೆಯಲ್ಲಿ ಪ್ರಯೋಗಾಲಯವೂ ಮಂಚವೂ ಮೊದಲಿಂದ ಬೇರೆಬೇರೆಯಾಗಿರಲಿಲ್ಲ. 1901ರಲ್ಲಿ ಫ್ರಾಂಕ್‌ಫರ್ಟ್‌ನ ಮಾನಸಿಕ ಆಸ್ಪತ್ರೆಗೆ ಆಗಸ್ಟ್ ಡೀಟರ್ ಎಂಬ 51 ವರ್ಷದ ಹೆಂಗಸು ಬಂದಾಗ ಡಾಕ್ಟರ್ ಅಲೋಯಿಸ್ ಆಲ್ಜೈಮರ್ ಆಕೆಯ ಎದುರು ಕೂತು ಒಂದೊಂದೇ ಪ್ರಶ್ನೆ ಕೇಳಿ ಉತ್ತರ ಬರೆದುಕೊಂಡರು. ಊಟದ ಹೊತ್ತಿನಲ್ಲಿ ಆಕೆ ತಿನ್ನುತ್ತಿದ್ದದ್ದು ಹೂಕೋಸು ಮತ್ತು ಹಂದಿಮಾಂಸ. ಏನು ತಿನ್ನುತ್ತಿದ್ದೀರಿ ಎಂದರೆ ಪಾಲಕ್ ಸೊಪ್ಪು ಎಂದರು. ಆಲ್ಜೈಮರ್ ಅದನ್ನೂ ಬರೆದಿಟ್ಟರು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಆಕೆಯ ಮಿದುಳನ್ನು ತರಿಸಿಕೊಂಡು, ಸೂಕ್ಷ್ಮದರ್ಶಕದ ಕೆಳಗೆ ಪ್ಲಾಕುಗಳನ್ನೂ ನರಕೋಶದೊಳಗಿನ ಸಿಕ್ಕುಗಳನ್ನೂ ನೋಡಿದವರೂ ಅವರೇ. ಆ ವರ್ಷ ನವೆಂಬರಿನಲ್ಲಿ ಟ್ಯೂಬಿಂಗನ್ ನಗರದಲ್ಲಿ ನಡೆದ ಮನೋವೈದ್ಯರ ಸಭೆಯಲ್ಲಿ ವಿಷಯ ಮಂಡಿಸಿದರು. 1910ರಲ್ಲಿ ಎಮಿಲ್ ಕ್ರೆಪೆಲಿನ್ ತಮ್ಮ ಪಠ್ಯಪುಸ್ತಕದಲ್ಲಿ ಕಾಯಿಲೆಗೆ ಆಲ್ಜೈಮರ್ ಹೆಸರಿಟ್ಟರು. ಆ ಕೇಸ್ ಶೀಟ್ ಕಳೆದುಹೋಗಿದೆ ಎಂದುಕೊಂಡಿದ್ದರು. 1995ರಲ್ಲಿ ಫ್ರಾಂಕ್‌ಫರ್ಟ್‌ನಲ್ಲೇ ಸಿಕ್ಕಿತು. ಹೂಕೋಸಿನ ವಿಷಯ ಗೊತ್ತಾದದ್ದು ಅದರಿಂದ. ನಮ್ಮ ಪಾಠಗಳಲ್ಲಿ ಪ್ಲಾಕು, ಸಿಕ್ಕುಗಳ ಚಿತ್ರ ಪೆಥಾಲಜಿಯಲ್ಲಿ ಬರುತ್ತದೆ. ಎದುರು ಕೂತು ಬರೆದುಕೊಂಡ ಭಾಗ ಎಲ್ಲಿಯೂ ಬರುವುದಿಲ್ಲ. ಇಬ್ಬರು ಅಧ್ಯಾಪಕರು ಒಟ್ಟಿಗೆ ನಿಂತು ಈ ಒಂದು ಕೇಸನ್ನು ಪೂರ್ತಿಯಾಗಿ ಹೇಳಿದರೆ ಸಾಕು, ಮಕ್ಕಳು ಅದನ್ನು ಮರೆಯುವುದಿಲ್ಲ.

ಈಗ ಡಿಸೆಕ್ಷನ್ ಹಾಲಿಗೆ ಬರೋಣ. ಫಾರ್ಮಲಿನ್ ವಾಸನೆಯ ನಡುವೆ ಮಿದುಳನ್ನು ಅಡ್ಡ ಸೀಳಿ ಹಿಪೊಕ್ಯಾಂಪಸ್ ತೋರಿಸುತ್ತೀರಿ. "ನೆನಪಿಗೆ ಸಂಬಂಧಪಟ್ಟದ್ದು" ಎನ್ನುತ್ತೀರಿ. ವೈವಾದಲ್ಲಿ ಅಷ್ಟೇ ಕೇಳುತ್ತೀರಿ. ಅಲ್ಲೇ ಐದು ನಿಮಿಷ ನಿಂತು, ಮನೆಗಳಲ್ಲಿ ನಡೆಯುವುದನ್ನು ಅದಕ್ಕೆ ಜೋಡಿಸಿ ಹೇಳಿ ಎಂಬುದು ನನ್ನ ಮೊದಲ ಬೇಡಿಕೆ.

ಮುಸ್ಸಂಜೆಯಾಗುತ್ತಲೇ ಸೆರಗು ಸರಿಮಾಡಿಕೊಂಡು, ಬಟ್ಟೆ ಗಂಟು ಕಟ್ಟಿಕೊಂಡು "ನಾನು ಮನೆಗೆ ಹೋಗ್ತೀನಿ, ಅಪ್ಪಯ್ಯ ಕಾಯ್ತಿರ್ತಾರೆ" ಎಂದು ಬಾಗಿಲಿಗೆ ಬರುವ ಅಜ್ಜಿಯರನ್ನು ನಾನು ಬಹಳ ಮನೆಗಳಲ್ಲಿ ನೋಡಿದ್ದೇನೆ. ಸೊಸೆ "ಇದೇ ನಿಮ್ಮನೆ ಅತ್ತೆ, ನೀವೇ ಕಟ್ಟಿಸಿದ್ದು" ಎಂದು ಅಳುತ್ತಾಳೆ. ಅತ್ತೆಗೆ ಸಿಟ್ಟು ಬರುತ್ತದೆ. ಹೊಸ ನೆನಪುಗಳು ಊರುವುದಕ್ಕೆ ಹಿಪೊಕ್ಯಾಂಪಸ್ ಬೇಕು. ಆಲ್ಜೈಮರ್ ಕಾಯಿಲೆ ಸಾಮಾನ್ಯವಾಗಿ ಅದರ ನೆರೆಯ ಎಂಟೊರೈನಲ್ ಕಾರ್ಟೆಕ್ಸ್‌ನಲ್ಲಿ ಶುರುವಾಗಿ ಅಲ್ಲಿಗೆ ಹರಡುತ್ತದೆ. ಹೊಸದು ಮೊದಲು ಹೋಗುತ್ತದೆ, ಹಳೆಯದು ಕೊನೆಗೆ. ಫ್ರಾನ್ಸಿನ ಮನೋವಿಜ್ಞಾನಿ ರೀಬೋ 1881ರಲ್ಲೇ ಇದನ್ನು ಹೇಳಿದ್ದರು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಕಟ್ಟಿಸಿದ ಈ ಮನೆ ಅವರ ನೆನಪಿನಲ್ಲಿ ಅಳಿಸಿದೆ, ತವರುಮನೆ ಉಳಿದಿದೆ. ಸಂಜೆಯೇ ಏಕೆ ಎಂದರೆ, ಹಗಲು ರಾತ್ರಿಗಳ ಲೆಕ್ಕ ಇಡುವ ಸುಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್ಸಿಗೂ ಪೆಟ್ಟು ಬಿದ್ದಿದೆ, ಬೆಳಕೂ ಇಳಿದಿದೆ, ದಿನದ ದಣಿವೂ ಸೇರಿದೆ. ಇಷ್ಟು ಗೊತ್ತಿದ್ದ ವಿದ್ಯಾರ್ಥಿನಿ ಆ ಸೊಸೆಗೆ ಹೇಳಬಲ್ಲಳು: "ವಾದ ಮಾಡಬೇಡಿ ಅಕ್ಕಾ. ಸಂಜೆಗೆ ಮುಂಚೆಯೇ ದೀಪ ಹಾಕಿ. ನಿಮ್ಮ ಅಪ್ಪಯ್ಯ ಹೇಗಿದ್ರು ಅಂತ ಕೇಳಿ, ಅಂಗಳದಲ್ಲಿ ಒಂದು ಸುತ್ತು ಕರ್ಕೊಂಡು ಹೋಗಿ ಬನ್ನಿ."

ಬೆಳಿಗ್ಗೆ ತಿಂದ ತಿಂಡಿ ನೆನಪಿಲ್ಲದ ಅಜ್ಜಿ, ಬಾಳೆನಾರು ಕೈಗೆ ಕೊಟ್ಟರೆ ಮಲ್ಲಿಗೆ ಮೊಗ್ಗನ್ನು ಎರಡೆರಡಾಗಿ ಜೋಡಿಸಿ ಗಂಟು ಹಾಕುತ್ತ ಹೋಗುತ್ತಾರೆ, ಒಂದು ಮೊಗ್ಗೂ ಜಾರುವುದಿಲ್ಲ. 1953ರಲ್ಲಿ ಶಸ್ತ್ರಕ್ರಿಯೆಯಲ್ಲಿ ಎರಡೂ ಕಡೆಯ ಹಿಪೊಕ್ಯಾಂಪಸ್‌ನ ಬಹುಭಾಗ ಕಳೆದುಕೊಂಡ ಎಚ್.ಎಂ. ಎಂಬ ರೋಗಿಯ ವಿಷಯ ತರಗತಿಯಲ್ಲಿ ಎಲ್ಲರೂ ಹೇಳುತ್ತೇವೆ. ಕನ್ನಡಿಯಲ್ಲಿ ನೋಡುತ್ತ ನಕ್ಷತ್ರ ಬರೆಯುವುದನ್ನು ಆತ ಕಲಿತ, ಕಲಿತದ್ದು ಮಾತ್ರ ನೆನಪಿರಲಿಲ್ಲ ಎನ್ನುತ್ತೇವೆ. ಕೈಗೆ ಅಂಟಿದ ಕಸುಬಿನ ನೆನಪು ಬೇಸಲ್ ಗ್ಯಾಂಗ್ಲಿಯ, ಸೆರೆಬೆಲ್ಲಂಗಳ ಬಲದಲ್ಲಿ ನಡೆಯುತ್ತದೆ, ಆದ್ದರಿಂದ ತಡವಾಗಿ ಹೋಗುತ್ತದೆ. ಎಚ್.ಎಂ. ಪಕ್ಕದಲ್ಲೇ ಹೂ ಕಟ್ಟುವ ಅಜ್ಜಿಯನ್ನೂ ತರಗತಿಗೆ ತನ್ನಿ. ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ ಓದುವ ಮಕ್ಕಳಿಗೆ ಇದು ಕೆಲಸದ ಬುನಾದಿ. ಇಡೀ ದಿನ ಟಿವಿ ಎದುರು ಕೂರಿಸುವ ಬದಲು ಅವರೆಕಾಯಿ ಸುಲಿಯುವುದು, ಬಟ್ಟೆ ಮಡಿಸುವುದು, ಅಕ್ಕಿ ಆರಿಸುವುದು ಕೊಡಿ ಎಂದು ಅವರು ಮನೆಯವರಿಗೆ ಧೈರ್ಯವಾಗಿ ಹೇಳುತ್ತಾರೆ.

ಗದರುವ ವಿಷಯ ಇನ್ನೂ ಮುಖ್ಯ. "ಹೇಗೂ ಐದು ನಿಮಿಷಕ್ಕೆ ಮರೆತುಬಿಡ್ತಾರೆ, ಬೈದರೆ ಏನಾಯ್ತು" ಎಂಬ ಮಾತು ಮನೆಗಳಲ್ಲೂ ವಾರ್ಡುಗಳಲ್ಲೂ ಕಿವಿಗೆ ಬೀಳುತ್ತದೆ. 2014ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು ಆಲ್ಜೈಮರ್ ಇರುವವರಿಗೆ ದುಃಖದ, ಸಂತೋಷದ ಸಿನಿಮಾ ತುಣುಕುಗಳನ್ನು ತೋರಿಸಿ ನೋಡಿದರು. ಏನು ನೋಡಿದೆವು ಎಂಬುದು ಸ್ವಲ್ಪ ಹೊತ್ತಿನಲ್ಲೇ ಅವರಿಗೆ ಮರೆತುಹೋಯಿತು. ಅದು ಮೂಡಿಸಿದ ದುಃಖ, ಸಂತೋಷ ಮಾತ್ರ ಉಳಿದಿತ್ತು. ಬೈದದ್ದು ಮರೆಯುತ್ತದೆ, ಬೈಸಿಕೊಂಡ ಸಂಕಟ ಉಳಿಯುತ್ತದೆ. ಕಾರಣ ಗೊತ್ತಿಲ್ಲದ ಸಂಕಟ ಇನ್ನೂ ಕಷ್ಟ. ಮಧ್ಯಾಹ್ನ ಅಜ್ಜ ಸುಮ್ಮಸುಮ್ಮನೆ ಅಳುತ್ತಾರೆ ಎಂದು ಯಾರಾದರೂ ಹೇಳಿದರೆ, ಬೆಳಿಗ್ಗೆ ಸ್ನಾನದ ಹೊತ್ತಿಗೆ ಏನು ನಡೆಯಿತು ಎಂದು ವಿಚಾರಿಸುವುದನ್ನು ನರ್ಸಿಂಗ್ ಮಕ್ಕಳಿಗೆ ಕಲಿಸಬೇಕು. ಮೃದುವಾಗಿ ಮಾತಾಡಿ ಎಂದು ಬರೀ ಉಪದೇಶ ಮಾಡಿದರೆ ಮಕ್ಕಳು ತಲೆಯಾಡಿಸಿ ಸುಮ್ಮನಾಗುತ್ತಾರೆ. ಅದಕ್ಕೆ ಮಿದುಳಿನಲ್ಲಿ ಕಾರಣ ಇದೆ ಎಂದು ತೋರಿಸಿದರೆ ಅದು ಅವರಿಗೆ ಔಷಧದ ಡೋಸಿನಷ್ಟೇ ಗಂಭೀರವಾಗಿ ಕಾಣುತ್ತದೆ.

ಕಣ್ಣಿನ ಮಾತೂ ಹಾಗೆಯೇ. ಕಣ್ಣು ಚೆನ್ನಾಗಿದ್ದರೂ ಮಿದುಳಿನ ಹಿಂಭಾಗದ ತೊಂದರೆಯಿಂದ ಆಳ, ಬಣ್ಣದ ವ್ಯತ್ಯಾಸ ಸರಿಯಾಗಿ ತಿಳಿಯದೆ, ಬಚ್ಚಲ ಬಾಗಿಲಿನ ಕಪ್ಪು ಮ್ಯಾಟು ಹಳ್ಳದಂತೆ ಕಾಣಬಹುದು. ಅಜ್ಜ ಒಳಗೆ ಕಾಲಿಡುವುದಿಲ್ಲ. "ಸ್ನಾನಕ್ಕೆ ಹಠ" ಎಂದು ಬರೆಯುತ್ತೇವೆ. ಬಿಳಿ ತಟ್ಟೆಯಲ್ಲಿ ಬಡಿಸಿದ ಮೊಸರನ್ನ ಕಾಣದೆ ಕೈಬಿಡುತ್ತಾರೆ. "ಊಟ ಸೇರುತ್ತಿಲ್ಲ" ಎನ್ನುತ್ತೇವೆ. ಬಾಸ್ಟನ್ ವಿಶ್ವವಿದ್ಯಾಲಯದವರು 2004ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲಿ ಬಿಳಿ ತಟ್ಟೆಯ ಬದಲು ಗಾಢ ಕೆಂಪು ತಟ್ಟೆ ಕೊಟ್ಟಾಗ ಊಟದ ಪ್ರಮಾಣ ಕಾಲು ಭಾಗದಷ್ಟು ಏರಿತ್ತು. ತಟ್ಟೆ ಬದಲಿಸುವುದಕ್ಕೆ ಯಾವ ತಜ್ಞರ ಸಹಿಯೂ ಬೇಡ.

ಮರೆವನ್ನು ಪರೀಕ್ಷೆ ಮಾಡುವ ವಿಧಾನದ ಬಗ್ಗೆ ನನಗೆ ಬೇಸರವಿದೆ, ಬಿಡಿಸಿ ಹೇಳುತ್ತೇನೆ. ಮಿನಿ ಮೆಂಟಲ್ ಸ್ಟೇಟಸ್ ಪರೀಕ್ಷೆ 1975ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ನೂರರಿಂದ ಏಳೇಳು ಕಳೆಯುತ್ತ ಬನ್ನಿ, ಒಂದು ವಾಕ್ಯ ಬರೆಯಿರಿ, ಪಂಚಕೋನಗಳನ್ನು ನೋಡಿ ಹಾಗೇ ಬರೆಯಿರಿ ಎನ್ನುತ್ತದೆ. ಜೀವನದಲ್ಲಿ ಪೆನ್ಸಿಲ್ ಹಿಡಿಯದ, ಹೆಬ್ಬೆಟ್ಟು ಒತ್ತಿಯೇ ಸಂಸಾರ ತೂಗಿಸಿದ ಹೆಣ್ಣುಮಗಳ ಮುಂದೆ ಈ ಹಾಳೆ ಇಟ್ಟು ಅಂಕ ಹಾಕಿದರೆ ಆಕೆ ಕಾಯಿಲೆ ಇಲ್ಲದೆಯೂ ಫೇಲು. ತಾರೀಕು ಕೇಳಿದರೆ ಆಕೆಗೆ ಗೊತ್ತಿಲ್ಲದಿರಬಹುದು. ಅಮಾವಾಸ್ಯೆ ಎಂದು, ಸಂತೆ ಯಾವ ವಾರ, ಗೌರಿ ಹಬ್ಬಕ್ಕೆ ಎಷ್ಟು ದಿನ ಉಳಿಯಿತು ಎಂದು ಕೇಳಿದರೆ ಥಟ್ಟನೆ ಹೇಳುತ್ತಾಳೆ. ಹರಿಯಾಣದ ಬಲ್ಲಭಗಢದಲ್ಲಿ ಓದು ಬಾರದವರಿಗೆಂದೇ ಈ ಪರೀಕ್ಷೆಯನ್ನು ಹಿಂದಿಯಲ್ಲಿ ತಿದ್ದಿ, 1995ರಲ್ಲೇ ಪ್ರಕಟಿಸಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐದು ಭಾಷೆಗಳಲ್ಲಿ ಸಿದ್ಧಪಡಿಸಿದ ಪರೀಕ್ಷಾ ಸಾಮಗ್ರಿಯಲ್ಲಿ ಕನ್ನಡವೂ ಇದೆ, ಓದು ಬಾರದವರಿಗೂ ಅದರಲ್ಲಿ ದಾರಿ ಇದೆ. ಅದನ್ನು ನಿಮ್ಮ ಮಕ್ಕಳು ಕೈಯಲ್ಲಿ ಹಿಡಿದು ನೋಡಿದ್ದಾರೆಯೇ?

ಓದು ಬರಹ ಇಲ್ಲ ಎಂದರೆ ಮಿದುಳಿಗೆ ಕೆಲಸವಿಲ್ಲ ಎಂದಾಗುವುದಿಲ್ಲ. ಈಗ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಅವರ ಜೊತೆಯವರು ಹೈದರಾಬಾದಿನಲ್ಲಿ 648 ರೋಗಿಗಳನ್ನು ನೋಡಿ 2013ರಲ್ಲಿ ಬರೆದ ಪ್ರಬಂಧ ನೆನಪಾಗುತ್ತದೆ. ಎರಡು ಭಾಷೆ ಬಲ್ಲವರಲ್ಲಿ ಡಿಮೆನ್ಷಿಯ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಶಾಲೆಗೆ ಹೋಗದವರಲ್ಲೂ ಈ ವ್ಯತ್ಯಾಸ ಇತ್ತು. ಕೋಲಾರದ ಸಂತೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರರಲ್ಲೂ ಚೌಕಾಸಿ ಮಾಡುವ ಹೆಂಗಸಿನ ಮಿದುಳನ್ನು ಅಂಕಪಟ್ಟಿ ಇಲ್ಲ ಎಂದು ಕಡೆಗಣಿಸದಿರುವುದನ್ನು ಕಲಿಸಿ. ಸರಿಯಾದ ಉತ್ತರ ಬಹುತೇಕ ಮನೆಯವರ ಬಳಿಯೇ ಇರುತ್ತದೆ. ಅಡುಗೆ ಕ್ರಮ ತಪ್ಪುತ್ತಿದೆಯೇ, ಅಂಗಡಿಯ ಚಿಲ್ಲರೆ ಲೆಕ್ಕ ಹೇಗಿದೆ, ಗೊತ್ತಿದ್ದ ಸ್ಟಾಪಿನಲ್ಲಿ ಇಳಿಯುವುದನ್ನು ಮರೆತರೇ, ಸೀರೆ ಉಡುವಾಗ ಮೊದಲು ಯಾವುದು ಆಮೇಲೆ ಯಾವುದು ತಿಳಿಯುತ್ತಿಲ್ಲವೇ? ಹೀಗೆ ಕೇಳುವುದಕ್ಕೆ ಬೇಕಾಗುವುದು ತಾಳ್ಮೆ ಮತ್ತು ಕನ್ನಡ.

ಔಷಧಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇನೆ, ಒಂದನ್ನು ಬಿಟ್ಟು. ಡೊನೆಪೆಜಿಲ್‌ನಂಥ ಮಾತ್ರೆಗಳು ಕೆಲವರಿಗೆ ಸ್ವಲ್ಪ ಕಾಲ ನೆರವಾಗುತ್ತವೆ. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಒಪ್ಪಿಗೆ ಪಡೆದ ಲೆಕಾನೆಮ್ಯಾಬ್ ರಕ್ತನಾಳಕ್ಕೆ ಕೊಡುವ ಔಷಧ, ಕಾಯಿಲೆಯ ಆರಂಭದಲ್ಲಿರುವವರಿಗೆ ಮಾತ್ರ. ಪದೇಪದೇ ಎಂಆರ್‌ಐ ಮಾಡಿ ಮಿದುಳಿನಲ್ಲಿ ಊತ, ರಕ್ತಸ್ರಾವ ಆಗಿದೆಯೇ ನೋಡುತ್ತಿರಬೇಕು. ಪತ್ರಿಕೆಯಲ್ಲಿ ಸುದ್ದಿ ಓದಿ ಬಂದ ಮಗನಿಗೆ ಇದನ್ನು ಇದ್ದದ್ದು ಇದ್ದಂತೆ ಹೇಳಲು ಬಂದರೆ ಸಾಕು.

ಬಿಡಲಾಗದ ಒಂದು ಎಂದರೆ ಹ್ಯಾಲೊಪೆರಿಡಾಲ್. ಲೂಯಿ ಬಾಡಿ ಡಿಮೆನ್ಷಿಯದಲ್ಲಿ ಇಲ್ಲದ ಮಕ್ಕಳು, ಬೆಕ್ಕು, ಮೂಲೆಯಲ್ಲಿ ನಿಂತ ಹೆಂಗಸು ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತವೆ. ಒಂದು ದಿನ ತಿಳಿಯಾಗಿರುತ್ತಾರೆ, ಮರುದಿನ ಮಂಕು. ನಡಿಗೆ ಪಾರ್ಕಿನ್ಸನ್ ಬಂದವರಂತೆ ಬಿಗಿ. ನಿದ್ದೆಯಲ್ಲಿ ಕನಸಿಗೆ ತಕ್ಕಂತೆ ಕೈಕಾಲು ಬೀಸುವುದು ಎಷ್ಟೋ ವರ್ಷ ಮುಂಚೆಯೇ ಶುರುವಾಗಿರುತ್ತದೆ. ಹೆಂಡತಿಯನ್ನು ಕೇಳಿದರೆ ತಾನೇ ಗೊತ್ತಾಗುವುದು. ಮನೆಯವರು ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿ ಆಮೇಲೆ ಆಸ್ಪತ್ರೆಗೆ ಕರೆತರುತ್ತಾರೆ. ರಾತ್ರಿ ಡ್ಯೂಟಿಯ ಇಂಟರ್ನ್ "ಸೈಕೋಸಿಸ್" ಎಂದು ಹ್ಯಾಲೊಪೆರಿಡಾಲ್ ಇಂಜೆಕ್ಷನ್ ಬರೆದರೆ ಆ ಮನುಷ್ಯ ಮರದ ಹಾಗೆ ಸೆಟೆದುಕೊಳ್ಳಬಹುದು, ನುಂಗುವುದು ನಿಲ್ಲಬಹುದು, ಜೀವವೇ ಹೋಗಬಹುದು. ಅವರ ಮಿದುಳಿನಲ್ಲಿ ಡೋಪಮಿನ್ ಮೊದಲೇ ಕಡಿಮೆ. ಇದ್ದದ್ದನ್ನೂ ಔಷಧ ತಡೆಹಿಡಿಯುತ್ತದೆ. ಬೇಸಲ್ ಗ್ಯಾಂಗ್ಲಿಯದ ಪಾಠ ಮಾಡುವ ದಿನವೇ ಈ ಒಂದು ಮಾತನ್ನು ಹೇಳಿಬಿಡಿ. ಅಸಿಟೈಲ್‌ಕೋಲಿನ್ ಪಾಠದ ದಿನ, ಮೂತ್ರ ತಡೆಯಲು ಕೊಡುವ ಮಾತ್ರೆ, ನೆಗಡಿಯ ಹಳೆಯ ಮಾತ್ರೆ, ಅಮಿಟ್ರಿಪ್ಟಿಲಿನ್, ಟ್ರೈಹೆಕ್ಸಿಫೆನಿಡಿಲ್ ಇವೆಲ್ಲ ಮರೆವನ್ನು ಹೆಚ್ಚಿಸುತ್ತವೆ ಎಂದು ಹೇಳಿ. ಮನೆಗೆ ಹೋದಾಗ ಮಾತ್ರೆಯ ಡಬ್ಬ ಪೂರ್ತಿ ಮೇಜಿನ ಮೇಲೆ ಸುರಿಸಿ ನೋಡುವ ಅಭ್ಯಾಸ ಆಗಲಿ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಬಿದ್ದ ಪೆಟ್ಟಿನಿಂದ ತಲೆಯೊಳಗೆ ನಿಧಾನವಾಗಿ ಕಟ್ಟಿದ ರಕ್ತ ಇಂಥ ವಾಸಿಯಾಗಬಲ್ಲ ಕಾರಣಗಳನ್ನು ಹುಡುಕದೆ ಯಾರಿಗೂ ಡಿಮೆನ್ಷಿಯದ ಹಣೆಪಟ್ಟಿ ಹಚ್ಚಬಾರದು ಎಂಬುದು ನಿಮಗೆ ಗೊತ್ತಿದ್ದದ್ದೇ.

ಇದನ್ನೆಲ್ಲ ಕಲಿಸುವುದೆಲ್ಲಿ? ಮನೆಯಲ್ಲಿ, ಎನ್ನುತ್ತೇನೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ 1997ರಿಂದ ಮೊದಲ ವರ್ಷದ ವೈದ್ಯ ವಿದ್ಯಾರ್ಥಿಯನ್ನು ಡಿಮೆನ್ಷಿಯದ ಆರಂಭದಲ್ಲಿರುವ ಒಬ್ಬರ ಜೊತೆ ಗೆಳೆಯರನ್ನಾಗಿ ಜೋಡಿಸುವ ಪದ್ಧತಿ ಇದೆ. ಇಂಗ್ಲೆಂಡಿನ ಬ್ರೈಟನ್ ಮತ್ತು ಸಸೆಕ್ಸ್ ವೈದ್ಯಕೀಯ ಶಾಲೆ, ಸರ್ರೆ ವಿಶ್ವವಿದ್ಯಾಲಯಗಳು 2014ರಲ್ಲಿ ಶುರುಮಾಡಿದ ಕ್ರಮದಲ್ಲಿ ವೈದ್ಯಕೀಯ, ನರ್ಸಿಂಗ್ ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ಒಂದೇ ಕುಟುಂಬವನ್ನು ಸುಮಾರು ಎರಡು ವರ್ಷ ಭೇಟಿ ಮಾಡುತ್ತಾರೆ. ನಮಗೆ ಇದನ್ನು ಅಲ್ಲಿಂದ ತರಬೇಕಾದ ಅಗತ್ಯವೇ ಇಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕುಟುಂಬ ದತ್ತು ಕಾರ್ಯಕ್ರಮದಲ್ಲಿ ನಿಮ್ಮ ಎಂಬಿಬಿಎಸ್ ಮಕ್ಕಳು ಹಳ್ಳಿಯ ಕೆಲವು ಕುಟುಂಬಗಳನ್ನು ವರ್ಷಗಟ್ಟಲೆ ನೋಡುತ್ತಲೇ ಇದ್ದಾರೆ. ಬಿಪಿ, ಶುಗರ್, ಎತ್ತರ, ತೂಕ ಬರೆದುಕೊಂಡು ಬರುತ್ತಾರೆ. ಮೂಲೆಯಲ್ಲಿ ಕಂಬಳಿ ಹೊದ್ದು ಕೂತ ಅಜ್ಜನನ್ನು ಮಾತಾಡಿಸಿ ಎಂದು ಯಾರಾದರೂ ಹೇಳಿದ್ದಾರೆಯೇ? ಪ್ರತಿ ತಂಡಕ್ಕೂ 60 ದಾಟಿದವರಿರುವ ಒಂದು ಮನೆಯಾದರೂ ಇರಲಿ. ಪಕ್ಕದ ನರ್ಸಿಂಗ್ ಕಾಲೇಜಿನ, ಫಿಸಿಯೋಥೆರಪಿ ಕಾಲೇಜಿನ ಮಕ್ಕಳೂ ಜೊತೆಗೆ ಹೋಗಲಿ. ಕಿವಿ ಕೇಳಿಸುವುದನ್ನು ಪರೀಕ್ಷಿಸಲಿ, ಕಣ್ಣಿನ ಪೊರೆ ನೋಡಲಿ, ಬಿಪಿ ಹತೋಟಿಗೆ ತರಲಿ. ಇಂಥ 14 ಅಪಾಯಗಳನ್ನು ಹತೋಟಿಯಲ್ಲಿಟ್ಟರೆ ಶೇಕಡಾ 45ರಷ್ಟು ಡಿಮೆನ್ಷಿಯವನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯ ಎಂದು ಲ್ಯಾನ್ಸೆಟ್ ಆಯೋಗದ 2024ರ ವರದಿ ಲೆಕ್ಕ ಹಾಕಿದೆ. ಅದರಲ್ಲಿ ಹೆಚ್ಚಿನವು ಪಿಎಚ್‌ಸಿಯಲ್ಲಿ, ಆಶಾ ಕಾರ್ಯಕರ್ತೆಯ ನೆರವಿನಿಂದ ಮಾಡಬಹುದಾದ ಕೆಲಸಗಳು.

ಒಂದು ಎಚ್ಚರಿಕೆ. ಮನೆಗೆ ಹೋಗುವುದೆಂದರೆ ಕಾಯಿಲೆಯವರನ್ನು ನೋಡಲು ಗುಂಪು ಕಟ್ಟಿಕೊಂಡು ಹೋಗುವುದಾಗಬಾರದು. ಇಬ್ಬರೋ ಮೂವರೋ ಹೋಗಲಿ. ಮೊದಲು ಅಜ್ಜಿಗೆ ಕೈಮುಗಿದು, ತಾವು ಯಾರು ಎಂದು ಅವರಿಗೇ ಹೇಳಿ, ಒಪ್ಪಿಗೆ ಅವರಿಂದಲೇ ಕೇಳಲಿ, ಆಮೇಲೆ ಮನೆಯವರಿಂದ. ಅವರ ಎದುರೇ ಅವರ ಬಗ್ಗೆ ಮೂರನೆಯವರಂತೆ ಮಾತಾಡದಿರಲಿ. ಫೋನು ಚೀಲದಲ್ಲೇ ಇರಲಿ. ನೋಡಿಕೊಳ್ಳುವ ಸೊಸೆಯನ್ನೋ ಹೆಂಡತಿಯನ್ನೋ ವರ್ಷಕ್ಕೊಮ್ಮೆ ಕಾಲೇಜಿಗೆ ಕರೆಸಿ, ಅತಿಥಿ ಉಪನ್ಯಾಸಕರಿಗೆ ಕೊಡುವ ಗೌರವಧನವನ್ನೇ ಕೊಟ್ಟು ಪಾಠ ಹೇಳಿಸಿ. ರಾತ್ರಿ ಮೂರು ಗಂಟೆಗೆ ಬಾಗಿಲ ಚಿಲಕ ತೆಗೆಯುವ ಸದ್ದಿಗೆ ಎದ್ದು ಕೂರುವುದನ್ನು, ಡೈಪರು ಬದಲಿಸುವಾಗ ಹೊಡೆಸಿಕೊಂಡದ್ದನ್ನು, ಅಣ್ಣತಮ್ಮಂದಿರು ಖರ್ಚಿನ ಮಾತು ಬಂದರೆ ಫೋನ್ ಎತ್ತದಿರುವುದನ್ನು ಹೇಳಬಲ್ಲವರು ಅವರೇ. ಅವರ ಬೆನ್ನುನೋವು, ಬಿಪಿ, ಒಂಟಿತನವೂ ಕೇಸ್ ಶೀಟಿನಲ್ಲಿ ಬರಬೇಕು.

ಕನ್ನಡದಲ್ಲಿ ತಿಳಿಸಿ ಹೇಳುವುದನ್ನು ಪರೀಕ್ಷೆಯ ಭಾಗ ಮಾಡಿ ಎಂಬುದು ನನ್ನ ಬಹುದಿನದ ಹಂಬಲ. ಆಸ್ಕಿ ಪರೀಕ್ಷೆಯ ಒಂದು ಸ್ಟೇಷನ್‌ನಲ್ಲಿ ಮಗನ ಪಾತ್ರದವರೊಬ್ಬರನ್ನು ಕೂರಿಸಿ: "ಡಾಕ್ಟ್ರೇ, ನಮ್ಮಪ್ಪ ಮದುವೆ ಮನೇಲಿ ಪಕ್ಕದವರ ಎಲೆಗೆ ಕೈ ಹಾಕಿದ್ರು. ಮೇಷ್ಟ್ರಾಗಿದ್ದವರು. ಊರವರೆಲ್ಲ ನಗ್ತಾರೆ." ಹಣೆಯ ಹಿಂದಿನ ಮಿದುಳಿನ ಭಾಗ ಸವೆಯುತ್ತ ಬಂದಾಗ ತಡೆದುಕೊಳ್ಳುವ ಶಕ್ತಿ ಹೋಗುತ್ತದೆ, ನೆನಪು ಚೆನ್ನಾಗಿಯೇ ಇರಬಹುದು, ಇದು ಗುಣಗೇಡಿತನ ಅಲ್ಲ, ಫ್ರಾಂಟೊಟೆಂಪೊರಲ್ ಡಿಮೆನ್ಷಿಯ ಎಂಬ ಕಾಯಿಲೆ ಇರಬಹುದು ಎಂದು ಇಂಗ್ಲಿಷಿನ ಆಸರೆ ಕಡಿಮೆ ಮಾಡಿ ವಿವರಿಸಲಿ. ಮಂಗಳೂರು, ಧಾರವಾಡ, ಕಲಬುರಗಿಯ ಮಾತಿನ ಧಾಟಿಗೆ ಹೊಂದಿಸಿಕೊಳ್ಳಲಿ. ಹೊರರಾಜ್ಯದಿಂದ ಬಂದ ಮಕ್ಕಳಿಗೂ ಇದು ಬೇಕು. ಆ ಮಗ ಎದ್ದು ಹೋಗುವಾಗ ಅಪ್ಪನ ಮೇಲಿನ ಸಿಟ್ಟು ಕಡಿಮೆಯಾಗಿದ್ದರೆ ಅಂಕ ಕೊಡಿ.

ಕೊನೆಯ ಹಂತದ ಪಾಠವನ್ನು ಹೇಳಲು ಎಲ್ಲರೂ ಹಿಂಜರಿಯುತ್ತೇವೆ. ನುಂಗುವುದು ಕಷ್ಟವಾದಾಗ ರೈಲ್ಸ್ ಟ್ಯೂಬ್ ಹಾಕಿ ಕಳಿಸುವುದು ವಾಡಿಕೆಯಾಗಿದೆ. ಡಿಮೆನ್ಷಿಯದ ಕೊನೆಯ ಹಂತದಲ್ಲಿ ಟ್ಯೂಬಿನಿಂದ ಆಯುಷ್ಯ ಹೆಚ್ಚುತ್ತದೆ, ನ್ಯುಮೋನಿಯ ತಪ್ಪುತ್ತದೆ ಎನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಟ್ಯೂಬು ಕೀಳುತ್ತಾರೆಂದು ಕೈ ಕಟ್ಟುವ ಸ್ಥಿತಿ ಮಾತ್ರ ಬರುತ್ತದೆ. ನೇರ ಕೂರಿಸಿ, ರಾಗಿ ಗಂಜಿಯನ್ನೋ ಮೆದು ಅನ್ನವನ್ನೋ ಸಣ್ಣ ಚಮಚೆಯಲ್ಲಿ, ಒಂದು ತುತ್ತು ಇಳಿದದ್ದನ್ನು ನೋಡಿಕೊಂಡು ಇನ್ನೊಂದು ಕೊಡುವ ಕ್ರಮವನ್ನು ನರ್ಸಿಂಗ್ ಅಧ್ಯಾಪಕರು ವೈದ್ಯ ವಿದ್ಯಾರ್ಥಿಗಳಿಗೆ ಕಲಿಸಲಿ. ಒಂದು ಊಟಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಆ ಮುಕ್ಕಾಲು ಗಂಟೆ ಕೂತು ಉಣಿಸದ ವಿದ್ಯಾರ್ಥಿ ಟ್ಯೂಬಿನ ಬಗ್ಗೆ ಸಲಹೆ ಕೊಡಲು ಅರ್ಹನಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಇದಕ್ಕೆ ಬೇಕಾದ ನೆರವು ನಮ್ಮ ರಾಜ್ಯದಲ್ಲೇ ಇದೆ. ನಿಮ್ಹಾನ್ಸ್‌ನ ಮಿದುಳಿನ ಸಂಗ್ರಹಾಲಯದಲ್ಲಿ ಮಕ್ಕಳು ನಿಜವಾದ ಮಿದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗರ ಮಿದುಳು ವಯಸ್ಸಾಗುವ ಬಗೆಯನ್ನು ವರ್ಷಗಳಿಂದ ಅಭ್ಯಾಸ ಮಾಡುತ್ತಿದ್ದಾರೆ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆಗೂಡಿ ನಡೆಸುವ ಮಿದುಳು ಆರೋಗ್ಯ ಕಾರ್ಯಕ್ರಮ ಇದೆ. ಬೆಂಗಳೂರಿನ ನೈಟಿಂಗೇಲ್ಸ್ ಸಂಸ್ಥೆಯಂಥವರು ನಡೆಸುವ ಆರೈಕೆ ಕೇಂದ್ರಗಳಿವೆ. ಬಸ್ಸು ಮಾಡಿಕೊಂಡು ಒಂದು ಸಲ ಹೋಗಿ ಬಂದರೆ ಸಾಲದು. ಅಲ್ಲಿನವರನ್ನು ನಿಮ್ಮ ಪಠ್ಯ ಸಮಿತಿಯ ಸಭೆಗೂ ಕರೆಯಿರಿ.

ಸೆಪ್ಟೆಂಬರ್ 21ರಂದು ಆಲ್ಜೈಮರ್ ದಿನವೆಂದು ಕಾಲ್ನಡಿಗೆ ಜಾಥಾ, ಪೋಸ್ಟರ್ ಸ್ಪರ್ಧೆ ಮಾಡುತ್ತೀರಿ. ಮಾಡಿ, ಬೇಡವೆನ್ನುವುದಿಲ್ಲ. ಈ ವರ್ಷ ಅದಕ್ಕಿಂತ ಮೊದಲು ಅನಾಟಮಿ, ಫಿಸಿಯಾಲಜಿ, ಮೆಡಿಸಿನ್, ಸೈಕಿಯಾಟ್ರಿ, ಕಮ್ಯುನಿಟಿ ಮೆಡಿಸಿನ್, ನರ್ಸಿಂಗ್, ಫಿಸಿಯೋಥೆರಪಿಯಿಂದ ಒಬ್ಬೊಬ್ಬರು ಒಂದು ಮಧ್ಯಾಹ್ನ ಕೂತು, ಮುಂದಿನ ಬ್ಯಾಚಿನ ಟೈಮ್‌ಟೇಬಲ್ಲಿನಲ್ಲಿ ಈ ಪಾಠಕ್ಕೆ ಜಾಗ ಗುರುತಿಸಿ. ಮನೆಗಳ ಪಟ್ಟಿ ಮಾಡಲು ಆಶಾ ಕಾರ್ಯಕರ್ತೆಯರನ್ನು ಕೇಳಿ. ಅಪ್ಪಣೆ, ಆದೇಶಗಳಿಗೆ ಕಾಯಬೇಡಿ. ಆರಂಭಿಕ ಕ್ಲಿನಿಕಲ್ ಪರಿಚಯ, ಕುಟುಂಬ ದತ್ತು, ವಿಷಯಗಳ ಸಮನ್ವಯ ಎಲ್ಲಕ್ಕೂ ಈಗಿನ ಪಠ್ಯಕ್ರಮದಲ್ಲೇ ಅವಕಾಶವಿದೆ. ಯಾವುದಾದರೂ ಕಾಲೇಜಿಗೆ ಪಾಠ ಹೇಳಲು, ಮಕ್ಕಳ ಜೊತೆ ಮನೆಗಳಿಗೆ ಬರಲು ಜನ ಬೇಕಾದರೆ ನನ್ನಂಥ ನಿವೃತ್ತರು ಪ್ರತಿ ಜಿಲ್ಲೆಯಲ್ಲೂ ಇದ್ದೇವೆ. ಕರೆಯಿರಿ, ಬರುತ್ತೇವೆ.

ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಫಿಸಿಯಾಲಜಿ ಅಧ್ಯಾಪಕಿ